ಮಾಡಿನ ಮೇಲೆ ಬೋರಲು ಬಾಣಲೆ

ವಸೀರಾ ಚಿಪ್ಪುಮೀನು ಬೇಯಿಸುವ ದೊಡ್ಡ ಬಾಣಲೆಯನ್ನು ತಲೆಯ ಮೇಲೆ ಹೊತ್ತು ಏಣಿ ಹತ್ತಿದಳು. ಹೆಂಚಿನ ಮಾಡಿನ ಮೇಲೆ ಬೋರಲು ಹಾಕಿದಳು. ಕೆಳಗಿಳಿದು ಕೈಗೆ ಹತ್ತಿದ ಮಸಿಯನ್ನು ಉಪ್ಪುನೀರಿನಲ್ಲಿ ತೊಳೆದಳು. ಅಷ್ಟರಲ್ಲಿ ಅತ್ತ ಕಾರ್ಖಾನೆಯ ತಡೆಗೋಡೆ ಕಟ್ಟುತ್ತಿದ್ದ ಯಂತ್ರಗಳು ಒಂದೊಂದಾಗಿ ನಿಂತವು.

ಮೊರೊಗಿಲಿ ಊರಿನ ಕಡಲಂಚಿನ ಮನೆಸಾಲಿನ ಜನ ಬಾಗಿಲಿಂದ ತಲೆ ಹೊರಹಾಕಿ ನೋಡಿದರು. ಅವರ ಮಾತಿಗೆ ಈವರೆಗೆ ಏನೂ ನಿಂತದ್ದಿಲ್ಲ. ನೀರು ನಿಂತಿಲ್ಲ. ಬಸ್ಸು ನಿಂತಿಲ್ಲ. ಕಷ್ಟ ಹೇಳಿಕೊಳ್ಳಲು ಹೋದರೆ ಗುಮಾಸ್ತ ಕೂಡ ನಿಂತು ಕೇಳಿದವನಲ್ಲ. ಈಗ ಒಂದು ಹಳೇ ಬಾಣಲೆಗೆ ಆನೆಯಂಥ ಯಂತ್ರ ನಿಂತುಬಿಟ್ಟಿತು.

"ಏನೇ ಮಾಡ್ದೆ ಅಕ್ಕಾ?" ಎಂದಳು ಪಕ್ಕದ ಮನೆಯ ರುಕಾನಾ. ಸಾಲಿನ ತುದಿಯಲ್ಲಿ ಕಾಫಿ ಅಂಗಡಿ ಇಟ್ಟವಳು ಅವಳು. ಅವಳ ಕಾಫಿ ಕಹಿ. ಮಾತು ಇನ್ನೂ ಕಹಿ.

"ಏನಿಲ್ಲ ಕಣೇ. ಬಾಣಲೆ ಒಣಗ್ಲಿ ಅಂತ ಹಾಕಿದೆ," ಎಂದಳು ವಸೀರಾ.

ಬಾಣಲೆ ಒಣಗಿಸಲು ಅಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನಿಮಗೂ ಗೊತ್ತಾಗಬೇಕಾದರೆ ಮೊದಲು ವಸೀರಾಳ ಮನೆಯ ಬಾಗಿಲನ್ನು ನೋಡಬೇಕು.

ಆ ಬಾಗಿಲು ಅವಳ ಸೊಂಟದಿಂದ ಸ್ವಲ್ಪ ಮೇಲಕ್ಕೆ ಬರುತ್ತದೆ. ಕಟ್ಟಿದಾಗ ಎಲ್ಲರ ಮನೆಯ ಬಾಗಿಲಿನಂತೆಯೇ ಇತ್ತು. ಆಮೇಲೆ ನೆಲ ಇಳಿಯಲು ಶುರುವಾಯಿತು. ನೆಲ ಇಳಿದಂತೆ ಕಡಲ ನೀರು ಒಳಗೆ ಬಂತು. ನೀರು ಬಂದಾಗಲೆಲ್ಲ ಈ ಸಾಲಿನವರು ಮಾಡುವುದು ಒಂದೇ ಕೆಲಸ, ಮಣ್ಣು ತಂದು ಮನೆಯೊಳಗೆ ಸುರಿಯುವುದು. ನೆಲ ಮೇಲೇರುತ್ತದೆ. ಗೋಡೆ ಅಲ್ಲೇ ಇರುತ್ತದೆ. ಮಾಡೂ ಅಲ್ಲೇ ಇರುತ್ತದೆ. ಹೀಗೆ ಮನೆ ಕೆಳಗಿನಿಂದ ಗಿಡ್ಡವಾಗುತ್ತಾ ಬರುತ್ತದೆ. ಕಿಟಕಿಗಳು ಮೊಣಕಾಲಿಗೆ ಬಂದಿವೆ. ಫ್ಯಾನನ್ನು ಎಂದೋ ಬಿಚ್ಚಿಟ್ಟಿದ್ದಾಳೆ, ಇಲ್ಲವಾದರೆ ತಲೆ ಬೋಳಿಸಿಬಿಡುತ್ತಿತ್ತು.

ಹಾಗಾಗಿ ವಸೀರಾಳ ಮನೆಗೆ ಎದೆ ಸೆಟೆಸಿಕೊಂಡು ಬಂದವರು ಯಾರೂ ಇಲ್ಲ. ಮಸೀದಿಯ ಇಮಾಮರು ಬಗ್ಗಿ ಬಂದರು. ಓಟು ಕೇಳುವವನು ಬಗ್ಗಿ ಬಂದ. ಗೆದ್ದ ಮೇಲೆ ಸೊಂಟನೋವು ಎಂದು ಬರಲೇ ಇಲ್ಲ.

ದೊಡ್ಡ ಉಬ್ಬರದ ತಿಂಗಳು ಹತ್ತಿರ ಬಂದಿತ್ತು. ಹೋದ ವರ್ಷ ನೀರು ಮಂಚದ ಕಾಲನ್ನು ಮುಟ್ಟಿತ್ತು. ಈ ವರ್ಷ ಹಾಸಿಗೆ ಮುಟ್ಟುತ್ತದೆ. ಒಂದು ಲಾರಿ ಮಣ್ಣು ಬೇಕೇಬೇಕು. ಅದನ್ನು ತುಂಬಿದರೆ ಮನೆಯೊಳಗೆ ಕುಕ್ಕರುಗಾಲಿನಲ್ಲೇ ಓಡಾಡಬೇಕಾದೀತು. ಆದರೂ ಬೇಕು. ಈ ಮನೆ ಬಿಟ್ಟರೆ ವಸೀರಾಳಿಗೆ ಬೇರೆ ಮನೆ ಇಲ್ಲ. ಗಂಡನ ಗೋರಿ ಇಲ್ಲೇ ಇದೆ. ಹಬ್ಬದ ದಿನ ಅದನ್ನು ನೋಡಲು ದೋಣಿಯಲ್ಲಿ ಹೋಗಬೇಕು, ಅದು ಬೇರೆ ಮಾತು.

ಅವಳ ಕೆಲಸ ಚಿಪ್ಪುಮೀನು ಬಿಡಿಸುವುದು. ದೋಣಿಯವರು ಮೂಟೆ ತಂದು ಬಾಗಿಲಿಗೆ ಹಾಕುತ್ತಾರೆ. ಅವಳು ಬೇಯಿಸುತ್ತಾಳೆ. ಮೊಂಡು ಚಾಕುವಿನಿಂದ ಒಂದೊಂದನ್ನೇ ಸೀಳುತ್ತಾಳೆ. ಚಿಪ್ಪಿನ ಅಂಚು ಬೆರಳು ಕೊಯ್ಯುತ್ತದೆ. ಉಪ್ಪು ಗಾಯಕ್ಕೆ ಇಳಿಯುತ್ತದೆ. ಕೊಯ್ದ ಜಾಗ ಮತ್ತೆ ಕೊಯ್ಯುತ್ತದೆ. ಅವಳ ಬೆರಳ ತುದಿಯಲ್ಲಿ ಗೆರೆಗಳೇ ಇಲ್ಲ. ಬಡವರಿಗೆ ಅಕ್ಕಿ ಕೊಡುವಾಗ ಹೆಬ್ಬೆಟ್ಟು ಒತ್ತುವ ಯಂತ್ರ ಅವಳನ್ನು ಮನುಷ್ಯಳೆಂದು ಒಪ್ಪುವುದಿಲ್ಲ. ಸಂಜೆ ಆ ಕೈಗಳಲ್ಲೇ ಕುಡಿಯುವ ನೀರಿನ ಕ್ಯಾನು ಹೊರಬೇಕು. ಯಾಕೆಂದರೆ ಸಾಲಿನ ಬಾವಿಗಳೆಲ್ಲ ಉಪ್ಪಾಗಿವೆ.

ಸಿಹಿನೀರು ಇಲ್ಲವೆಂದಲ್ಲ. ಪಾತಾಳದಲ್ಲಿದೆ. ಅದನ್ನು ಪಕ್ಕದ ಬಣ್ಣದ ಕಾರ್ಖಾನೆ ಹಗಲಿರುಳು ಹೀರುತ್ತದೆ. ಬಟ್ಟೆಗೆ ಬಣ್ಣ ಹಾಕುತ್ತದೆ. ಒಳಗಿನ ನೀರು ಹೋದರೆ ಮೇಲಿನ ನೆಲ ಕುಸಿಯುತ್ತದೆ. ಇದು ಸಾಲಿನ ಮಕ್ಕಳಿಗೂ ಗೊತ್ತು. ಕಾರ್ಖಾನೆಯವರಿಗೆ ಮಾತ್ರ ಗೊತ್ತಿಲ್ಲ.

ಮಣ್ಣು ಕೇಳಲು ವಸೀರಾ ಕಾರ್ಖಾನೆಯ ಕಚೇರಿಗೆ ಹೋಗಿದ್ದಳು. ಜೊತೆಗೆ ರುಕಾನಾ ಬಂದಿದ್ದಳು. ಕೂರುವ ಮೊದಲು ಗುಮಾಸ್ತ ಕುರ್ಚಿಯ ಮೇಲೆ ಹಳೇ ಪೇಪರು ಹಾಸಿದ. ವಸೀರಾ ಮಾತು ಶುರುಮಾಡುತ್ತಿದ್ದಂತೆ ಇನ್ನೊಬ್ಬ ಬಂದು ಅವಳ ಸುತ್ತ ಸೆಂಟು ಹೊಡೆದ. ಮಲ್ಲಿಗೆ ವಾಸನೆ. ಅವಳು ಸೀನಿದಳು. ಅವನು ಮತ್ತೊಮ್ಮೆ ಹೊಡೆದ.

ಇಂಜಿನಿಯರ್ ದರ್ಮಂತೊ ಬಹಳ ಮೃದುವಾಗಿ ಮಾತಾಡಿದರು. "ನೆಲ ಕುಸೀತಿಲ್ಲ ತಾಯಿ. ಸಮುದ್ರ ಏರ್ತಾ ಇದೆ. ಪ್ರಪಂಚದಲ್ಲೆಲ್ಲಾ ಏರ್ತಿದೆ. ಸಮುದ್ರಕ್ಕೆ ನಾವು ಏನು ಹೇಳೋಕಾಗುತ್ತೆ?"

"ಆ ಸಮುದ್ರಕ್ಕೆ ನಿಮ್ಮ ಗೇಟು ಕಾಣ್ಸಲ್ಲ ಅನ್ಸುತ್ತೆ ಸಾಹೇಬ್ರೇ," ಎಂದಳು ರುಕಾನಾ. "ಏರಿದ್ರೆ ನಮ್ಮ ಅಡುಗೆಮನೆಗೇ ಏರುತ್ತೆ."

ಸಾಹೇಬರು ನಕ್ಕರು. "ಅದಕ್ಕೇ ಗೋಡೆ ಕಟ್ತಾ ಇದೀವಿ. ಸ್ವಲ್ಪ ಸಹಕಾರ ಕೊಡಿ, ಆಯ್ತಾ?"

"ಆಗ್ಲಿ ಸಾಹೇಬ್ರೇ," ಎಂದಳು ವಸೀರಾ.

ಜಾವಾದ ಈ ಉತ್ತರ ತೀರದಲ್ಲಿ ದೊಡ್ಡವರ ಮುಖಕ್ಕೆ ಇಲ್ಲ ಎನ್ನುವ ರೂಢಿಯಿಲ್ಲ. ಇಲ್ಲ ಎನ್ನಬೇಕಾದಾಗಲೂ ಆಗಲಿ ಎನ್ನುತ್ತಾರೆ. ಎಂದವರು ಮಾಡುವುದಿಲ್ಲ, ಕೇಳಿದವರು ಕಾಯುವುದಿಲ್ಲ. ಹೀಗೆ ಊರಲ್ಲಿ ಎಲ್ಲರ ಮರ್ಯಾದೆ ಉಳಿಯುತ್ತದೆ. ಮಣ್ಣು ಮಾತ್ರ ಬರುವುದಿಲ್ಲ.

ಗೋಡೆ ಏಳತೊಡಗಿತು. ಕಾರ್ಖಾನೆಗೂ ಸಾಲಿಗೂ ನಡುವೆ. ಗೋಡೆ ಎದ್ದಷ್ಟೂ ಕಾರ್ಖಾನೆಯ ಅಂಗಳ ಒಣಗಿತು, ಅಲ್ಲಿಗೆ ಹೋಗಬೇಕಿದ್ದ ನೀರು ಇತ್ತ ಬಂತು.

ಸತ್ರಿಯೊ ಬಂದದ್ದು ಆ ದಿನಗಳಲ್ಲೇ. ಸ್ಮರಂಗ್ ಪೇಟೆಯ ಹುಡುಗ. ಒಳ್ಳೆಯ ಬೂಟು ಹಾಕಿಕೊಂಡು ಬಂದಿದ್ದ. ಸಾಲಿಗೆ ಬೂಟು ಹಾಕಿಕೊಂಡು ಬಂದವನನ್ನು ನೋಡಿದ ಕೂಡಲೇ ಜನಕ್ಕೆ ಅವನ ಮೇಲೆ ಕರುಣೆ ಹುಟ್ಟಿತು. ಅವನು ನೆಲ ನೋಡಲಿಲ್ಲ. ಮನೆ ನೋಡಲಿಲ್ಲ. ಕತ್ತೆತ್ತಿ ಆಕಾಶ ನೋಡಿದ. ನೋಡುತ್ತಾ ಹೋಗಿ ಮೊಣಕಾಲುದ್ದದ ನೀರಿಗೆ ಇಳಿದ.

"ಅಬ್ಬಾ! ಎಂಥಾ ಆಕಾಶ ಇಟ್ಕೊಂಡಿದೀರಿ ನೀವು!" ಎಂದ.

ಅವನು ಹೇಳಿದ್ದು ನಿಜ. ಸಾಲಿನಲ್ಲಿ ಮರಗಳಿಲ್ಲ, ಉಪ್ಪಿಗೆ ಎಲ್ಲ ಒಣಗಿವೆ. ಎತ್ತರದ ಮನೆಗಳಿಲ್ಲ, ಯಾಕಿಲ್ಲವೆಂದು ಆಗಲೇ ಹೇಳಿದ್ದೇನೆ. ನಾಲ್ಕು ದಿಕ್ಕಿಗೂ ಬರೀ ಆಕಾಶ. ನೆಲ ಹೋಯಿತು, ಬಾವಿ ಹೋಯಿತು, ಕೊನೆಗೆ ಆಕಾಶವೊಂದು ಉಳಿದಿತ್ತು. ಅದಕ್ಕೂ ಗಿರಾಕಿ ಬಂದ.

ಅವನ ಚೀಲದಲ್ಲಿ ಬಿಳಿ ಅಣಬೆಯಂಥ ಒಂದು ಆಂಟೆನಾ ಇತ್ತು. ರುಕಾನಾಳ ಅಂಗಡಿಯಲ್ಲಿ ಕೂತು ಅದರ ಕಥೆ ಹೇಳಿದ. "ನೋಡಿ, ಮೇಲೆ ಉಪಗ್ರಹಗಳಿವೆ. ಯಂತ್ರಗಳು, ಡ್ರೋನುಗಳು, ಹಡಗುಗಳು ಎಲ್ಲ ಅವನ್ನೇ ಕೇಳ್ತವೆ, ನಾನೆಲ್ಲಿದೀನಿ ಅಂತ. ಅವು ಹೇಳ್ತವೆ. ಆದ್ರೆ ಒಂದೆರಡು ಮಾರು ಆಚೀಚೆ ಹೇಳ್ತವೆ."

"ಅಂದ್ರೆ ಸುಳ್ಳು ಹೇಳ್ತವೆ," ಎಂದಳು ರುಕಾನಾ.

"ಸುಳ್ಳಲ್ಲ ಅಕ್ಕಾ, ತಪ್ಪು. ಈ ಅಣಬೆ ಅಲ್ಲಾಡದೆ ಒಂದೇ ಕಡೆ ಇರುತ್ತೆ. ತಾನೆಲ್ಲಿದೀನಿ ಅಂತ ಅದಕ್ಕೆ ಸರಿಯಾಗಿ ಗೊತ್ತು. ಉಪಗ್ರಹ ಹೇಳಿದ್ದನ್ನ ಕೇಳ್ಕೊಂಡು, ಇವತ್ತು ಇಷ್ಟು ತಪ್ಪಿದೆ ನೋಡಿ ಅಂತ ಎಲ್ಲರಿಗೂ ಹೇಳುತ್ತೆ. ಆಗ ಯಂತ್ರ ಬೆರಳಗಲದ ಲೆಕ್ಕದಲ್ಲಿ ಕೆಲಸ ಮಾಡುತ್ತೆ. ಇದಕ್ಕೆ ಸರ್ಕಾರ ಇಲ್ಲ, ದೊಡ್ಡ ಕಂಪನಿ ಇಲ್ಲ. ಪ್ರಪಂಚದ ಜನ ತಮ್ಮ ತಮ್ಮ ಮಾಡಿನ ಮೇಲೆ ಇಟ್ಕೊಂಡಿದಾರೆ. ಇಟ್ಟವರಿಗೆಲ್ಲ ನಾಣ್ಯ ಸಿಗುತ್ತೆ."

"ನಾಣ್ಯ ತೋರ್ಸು."

"ಅದು ಕೈಗೆ ಸಿಗಲ್ಲ. ಫೋನಲ್ಲಿರುತ್ತೆ. ಬೇಕಾದಾಗ ರುಪಿಯಾ ನೋಟು ಮಾಡ್ಕೋಬಹುದು."

"ನಮ್ಮ ಶಾಸಕರ ಭರವಸೆ ಇದ್ದಂಗೆ," ಎಂದಳು ರುಕಾನಾ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸತ್ರಿಯೊ ಕೂಡ ನಕ್ಕ. ಒಳ್ಳೆಯ ಹುಡುಗನೇ. ನಗುವಾಗ ಹಲ್ಲು ಚೆನ್ನಾಗಿ ಕಾಣುತ್ತಿತ್ತು.

ವಸೀರಾ ನಗಲಿಲ್ಲ. "ಒಂದು ಲಾರಿ ಮಣ್ಣಿಗಾಗುವಷ್ಟು ಬರುತ್ತಾ?" ಎಂದು ಕೇಳಿದಳು.

"ಉಬ್ಬರದೊಳಗೆ ಬಂದೇ ಬರುತ್ತೆ. ಅಣಬೆ ನಂದು, ಮಾಡು ನಿಮ್ದು. ಬಂದಿದ್ದರಲ್ಲಿ ಅರ್ಧರ್ಧ. ಒಂದೇ ಮಾತು ಬು, ಅದನ್ನ ಅಲ್ಲಾಡಿಸಬಾರದು. ಕೂದಲೆಳೆಯಷ್ಟೂ." ಆ ಕಡೆ ಅಮ್ಮನನ್ನು ಬು ಎಂದು ಕರೆಯುತ್ತಾರೆ.

"ಆಗ್ಲಿ," ಎಂದಳು. ಅಂದು ನಿಜವಾಗಿಯೂ ಆಗಲಿ ಎಂದೇ ಅಂದಿದ್ದಳು.

ಮಾಡಿನ ಮೇಲೆ ಹತ್ತಿದವಳು ಅವಳೇ. ಹೆಂಚು ಹಳೆಯದು, ಹುಡುಗ ಹತ್ತಿದರೆ ಒಡೆಯುತ್ತದೆ. ಕಬ್ಬಿಣದ ಕಂಬವನ್ನು ಹೆಗಲ ಮೇಲೆ ಹೊತ್ತಳು. ಸಿಮೆಂಟು ಕಲಸಿದ ಬುಟ್ಟಿ ಹೊತ್ತಳು. ಬಿಸಿಲಿಗೆ ಕಾದ ಹೆಂಚು ಅಂಗಾಲು ಸುಟ್ಟಿತು. ಸತ್ರಿಯೊ ಕೆಳಗಿನಿಂದ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಂದು ಕೂಗಿದ. ಅಣಬೆ ನೆಟ್ಟಗೆ ನಿಂತಿತು. ಅವತ್ತಿನಿಂದ ಅವಳು ಮಾಡಿನ ಮೇಲೆ ಬಟ್ಟೆ ಒಣಗಹಾಕಲಿಲ್ಲ. ಉಪ್ಪುಮೀನು ಒಣಗಹಾಕಲಿಲ್ಲ. ಅದರ ಮೇಲೆ ಕೂತ ಪಾರಿವಾಳಗಳನ್ನು ಹೆತ್ತ ಮಕ್ಕಳಿಗೆ ಬೈದಂತೆ ಬೈದು ಓಡಿಸಿದಳು.

ಮೊದಲ ಕೆಲವು ತಿಂಗಳು ನಾಣ್ಯ ಬಂತು. ಸತ್ರಿಯೊ ಫೋನಲ್ಲಿ ತೋರಿಸಿದ. ಲಾರಿ ಮಣ್ಣಿಗೆ ಸಾಲುವ ಮೊದಲೇ ನಿಂತುಹೋಯಿತು. ಸ್ವಲ್ಪ ದಿನ ಬಿಟ್ಟು ಅವನೇ ಬಂದ, ಈ ಸಲ ರಬ್ಬರ್ ಚಪ್ಪಲಿ ಹಾಕಿಕೊಂಡು. ಬಗ್ಗಿ ಒಳಗೆ ಬಂದು ಮುಖ ಸಪ್ಪೆ ಮಾಡಿಕೊಂಡು ಕೂತ.

"ಬು, ನಿಜ ಹೇಳಿ. ಅಣಬೆ ಅಲ್ಲಾಡಿಸಿದ್ರಾ?"

"ಇಲ್ಲಪ್ಪಾ."

"ಯಾರೋ ಅಲ್ಲಾಡಿಸಿದಾರೆ. ಇಟ್ಟ ಜಾಗದಿಂದ ನಾಲ್ಕು ಬೆರಳು ಕೆಳಗಿದೆ ಅಂತ ತೋರಿಸ್ತಿದೆ. ಜಾಗ ಬದಲಾಯಿಸಿದವರಿಗೆ ನಾಣ್ಯ ಇಲ್ಲ. ಮೋಸ ಅಂತ ದಾಖಲಾಗುತ್ತೆ."

ವಸೀರಾ ಚಾಕು ಕೆಳಗಿಟ್ಟಳು. "ಅಣಬೆ ಎಲ್ಲೂ ಹೋಗಿಲ್ಲ ಮಗಾ. ಮನೇನೇ ಹೋಗ್ತಾ ಇದೆ."

ಹುಡುಗನಿಗೆ ಇದು ಹೊಳೆದಿರಲಿಲ್ಲ. ಪಾಪ, ಅವನು ಆಕಾಶ ನೋಡಿ ಬಂದವನು. ತಲೆಯ ಮೇಲಿನ ಗಿಡ್ಡ ಮಾಡನ್ನು ನೋಡಿದ. ಮೊಣಕಾಲಿನ ಹತ್ತಿರದ ಕಿಟಕಿಯನ್ನು ನೋಡಿದ.

"ಅದು ನಂಗೆ ಅರ್ಥ ಆಗುತ್ತೆ ಬು," ಎಂದ ಮೆಲ್ಲಗೆ. "ಆದ್ರೆ ಅಲ್ಲಿ ನೋಡೋಕೆ ಮನುಷ್ಯರಿಲ್ಲ, ಲೆಕ್ಕ ತಾನಾಗೇ ನಡೆಯುತ್ತೆ. ಮೊದಲಿದ್ದ ಜಾಗಕ್ಕೆ ವಾಪಸ್ ಇಡಿ ಅನ್ನುತ್ತೆ, ಅಷ್ಟೇ."

"ಇಡೋಣ. ಬಾ, ನೀನು ಆ ಮೂಲೆ ಹಿಡ್ಕೋ, ನಾನು ಈ ಮೂಲೆ ಹಿಡ್ಕೋತೀನಿ. ಮನೆ ಎತ್ತೋಣ."

ಸತ್ರಿಯೊ ನಗಲೂ ಆಗದೆ ಅಳಲೂ ಆಗದೆ ಟೀ ಕುಡಿದು ಹೋದ.

ಕಚೇರಿಯವರು ನೆಲ ಕುಸಿಯುತ್ತಿಲ್ಲ, ಮಣ್ಣು ಕೊಡುವುದಿಲ್ಲ ಎಂದಿದ್ದರು. ನಾಣ್ಯದವರು ಮನೆ ಕುಸಿದಿದೆ, ದುಡ್ಡು ಕೊಡುವುದಿಲ್ಲ ಎಂದರು. ವಸೀರಾ ರಾತ್ರಿಯೆಲ್ಲ ಇದನ್ನೇ ಯೋಚಿಸಿದಳು. ಕುಸಿದರೂ ಇಲ್ಲ, ಕುಸಿಯದಿದ್ದರೂ ಇಲ್ಲ. ಹಾಗಾದರೆ ಏನು ಮಾಡಿದರೆ ಸಿಗುತ್ತದೆ?

ಆದರೂ ಅವಳಿಗೆ ಸಿಟ್ಟು ಬಂದಿರಲಿಲ್ಲ. ಬಂದದ್ದು ಮರುದಿನ, ರುಕಾನಾಳ ಅಂಗಡಿಯಲ್ಲಿ. ಗೋಡೆಯ ಯಂತ್ರ ಓಡಿಸುವವನು ಕಾಫಿಗೆ ಬಂದಿದ್ದ. ಸೌದೆ ಒಡೆದವನಂತಲ್ಲ, ಟಿವಿ ನೋಡಿ ಎದ್ದುಬಂದವನಂತೆ ಆರಾಮಾಗಿದ್ದ.

"ನಂದೇನೂ ಕೆಲಸ ಇಲ್ಲ ಅಕ್ಕಾ," ಎಂದ. "ಮುಂದೆ ಒಂದು ಪರದೆ ಇದೆ. ಎಲ್ಲಿ ಎಷ್ಟು ಎತ್ತರ ಹಾಕ್ಬೇಕು ಅಂತ ಅದೇ ಹೇಳುತ್ತೆ. ಅಳತೆ ಮಾಡೋರನ್ನೆಲ್ಲ ಮನೆಗೆ ಕಳ್ಸಿಬಿಟ್ರು. ನಿಮ್ಮ ಸಾಲಲ್ಲೇ ಅದ್ಯಾವುದೋ ಅಣಬೆ ಇದೆಯಂತಲ್ಲ, ಅದರ ಮೇಲೇ ನಡೀತಿದೆ ಎಲ್ಲ."

ರುಕಾನಾ ಸಕ್ಕರೆ ಹಾಕುವ ಚಮಚವನ್ನು ಹಾಗೇ ಹಿಡಿದು ನಿಂತಳು. ವಸೀರಾಳನ್ನು ನೋಡಿದಳು.

"ಈಗ್ಲೂ ನಡೀತಿದೆಯಾ?" ಎಂದಳು ವಸೀರಾ.

"ಈಗ್ಲೂ. ಈ ಕಡೆ ಬೇರೆ ಇಲ್ವಂತೆ."

ವಸೀರಾ ಎದ್ದಳು. ಅವಳನ್ನು ಕಳ್ಳಿ ಎಂದರು. ಕಳ್ಳಿಯ ಸಾಕ್ಷಿಯನ್ನು ಮಾತ್ರ ದಿನವೂ ತೆಗೆದುಕೊಂಡರು. ಅದರಿಂದಲೇ ಗೋಡೆ ಎಬ್ಬಿಸಿದರು. ಆ ಗೋಡೆ ತಳ್ಳಿದ ನೀರು ಅವಳ ಮನೆಗೇ ಬರುತ್ತಿತ್ತು. ತನ್ನನ್ನು ಮುಳುಗಿಸಲು ತಾನೇ ಕಂಬ ಹೊತ್ತು ಹತ್ತಿದ್ದಳು. ಅಂಗಾಲಿನ ಸುಟ್ಟ ಕಲೆ ಇನ್ನೂ ಮಾಸಿರಲಿಲ್ಲ.

ಅಣಬೆಯನ್ನು ಕಿತ್ತು ಎಸೆಯಬಹುದಿತ್ತು. ಅದು ಸತ್ರಿಯೊನದು, ಅವಳಿಗೆ ಬೇರೆಯವರ ವಸ್ತು ಒಡೆದು ಅಭ್ಯಾಸವಿಲ್ಲ. ಬಾಣಲೆ ಅವಳದು. ಅದಿಲ್ಲದೆ ಅವಳ ಕೆಲಸ ನಡೆಯುವುದಿಲ್ಲ. ಆದರೂ ಅದನ್ನೇ ಹೊತ್ತು ಹತ್ತಿದಳು. ಬೋರಲು ಬಾಣಲೆಯೊಳಗೆ ಅಣಬೆ ಕತ್ತಲಲ್ಲಿ ಕೂತಿತು. ಅದಕ್ಕೆ ಆಕಾಶ ಕಾಣದಾಯಿತು. ಯಂತ್ರಗಳು ನಿಂತದ್ದು ಹೀಗೆ.

ಮರುದಿನ ಇಬ್ಬರೂ ಒಟ್ಟಿಗೆ ಬಂದರು, ಇಂಜಿನಿಯರ್ ದರ್ಮಂತೊ ಮತ್ತು ಸತ್ರಿಯೊ. ಸಾಹೇಬರು ಸಾಲಿಗೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲು ಇಷ್ಟು ಗಿಡ್ಡ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಠಪ್ ಎಂದು ಹಣೆ ಹೊಡೆಯಿತು. ಟೋಪಿ ನೀರಿಗೆ ಬಿತ್ತು.

"ಸ್ವಲ್ಪ ಬಗ್ಗಿ ಸಾಹೇಬ್ರೇ," ಎಂದಳು ಹಿಂದೆಯೇ ಬಂದ ರುಕಾನಾ. "ಇನ್ನೂ ಸ್ವಲ್ಪ. ಹಾಂ, ಇನ್ನೊಂಚೂರು."

ವಸೀರಾ ನೆಲದ ಮೇಲೆ ಕೂತು ಚಿಪ್ಪು ಬಿಡಿಸುತ್ತಿದ್ದಳು. ಏಳಲಿಲ್ಲ. ಎದ್ದರೂ ನಿಲ್ಲಲು ಜಾಗವಿರಲಿಲ್ಲ. ಟೀ ಕೊಟ್ಟಳು. ಸಕ್ಕರೆ ಸರಿಯಾಗಿಯೇ ಹಾಕಿದ್ದಳು. ಕುರ್ಚಿಗೆ ಪೇಪರು ಹಾಸಬೇಕೆಂಬ ಆಸೆಯಿತ್ತು, ಕುರ್ಚಿ ಇರಲಿಲ್ಲ.

"ಬಾಣಲೆ ತೆಗೀಬೇಕು ತಾಯಿ," ಎಂದರು ದರ್ಮಂತೊ ಹಣೆ ಉಜ್ಜಿಕೊಳ್ಳುತ್ತಾ. "ಉಬ್ಬರ ಹತ್ರ ಬಂತು. ಗೋಡೆ ಮುಗಿದಿಲ್ಲ. ಅಳತೆಯವರನ್ನ ಮತ್ತೆ ಕರೆಸೋದು ಅಂದ್ರೆ ಹೊತ್ತು ಹಿಡಿಯುತ್ತೆ. ಇನ್ನೊಂದು ವಿಷಯ. ನಿನ್ನೆ ಮಟ್ಟ ನೋಡೋ ನೀರಿನ ಪೈಪು ಹಿಡಿದು ಅಳೆದ್ವಿ. ಈ ಕಡೆ ಗೋಡೆ ನಾಲ್ಕು ಬೆರಳು ಕಮ್ಮಿ ಎದ್ದಿದೆ. ಯಾರೋ ಅಣಬೆ ಇಳಿಸಿದಾರೆ."

ಅಣಬೆ ಮೊದಲು ಇದ್ದ ಎತ್ತರದಲ್ಲೇ ಇದೆ ಎಂದು ಯಂತ್ರಗಳು ನಂಬಿದ್ದವು. ಅಣಬೆ ಮನೆಯ ಜೊತೆ ಇಳಿದಿತ್ತು. ಅದನ್ನು ನಂಬಿದ ಗೋಡೆಯೂ ಅಷ್ಟೇ ಇಳಿದಿತ್ತು. ಸಾಲಿನವರ ಕಷ್ಟ ಕಾರ್ಖಾನೆಗೂ ಸ್ವಲ್ಪ ಹತ್ತಿಕೊಂಡಿತ್ತು. ರುಕಾನಾ ತಲೆವಸ್ತ್ರದ ತುದಿಯಲ್ಲಿ ಬಾಯಿ ಮುಚ್ಚಿಕೊಂಡಳು.

"ಯಾರೂ ಇಳಿಸಿಲ್ಲ ಸರ್," ಎಂದ ಸತ್ರಿಯೊ ತಲೆ ತಗ್ಗಿಸಿ. "ಮನೆ ಕುಸಿದಿದೆ."

"ಏಯ್. ಹಾಗನ್ನಬೇಡ."

"ಮತ್ತೆ ಏನನ್ಲಿ ಸರ್?"

ವಸೀರಾ ಒಂದು ಚಿಪ್ಪು ಸೀಳಿದಳು. "ನೀವಿಬ್ರೂ ಓದಿದವರು. ಮಾತಾಡ್ಕೊಳ್ಳಿ. ನನ್ನ ಮನೆ ಕುಸೀತಿದೆಯಾ ಇಲ್ವಾ? ಕುಸೀತಿಲ್ಲ ಅಂದ್ರೆ ಇವನು ನನ್ನ ನಾಣ್ಯ ಕೊಡ್ಲಿ. ನಿಮ್ಮ ಗೋಡೇನೂ ಸರಿಯಾಗೇ ಇದೆ, ಹೋಗಿ ನೆಮ್ಮದಿಯಾಗಿ ಮಲಗಿ. ಕುಸೀತಿದೆ ಅಂದ್ರೆ ನೀವು ಮಣ್ಣು ಕೊಡಿ. ಒಂದು ತೀರ್ಮಾನ ಆಗೋ ತನಕ ಬಾಣಲೆ ಒಣಗ್ತಾ ಇರ್ಲಿ."

ಸಾಹೇಬರು ಟೀ ಲೋಟ ಕೆಳಗಿಟ್ಟರು. ಎದ್ದರು. ಹೋಗುವಾಗ ಮತ್ತೆ ಹಣೆ ಹೊಡೆಯಿತು.

ಆಮೇಲಿನ ದಿನಗಳಲ್ಲಿ ವಸೀರಾ ರುಕಾನಾಳ ಪಾತ್ರೆಯಲ್ಲಿ ಚಿಪ್ಪು ಬೇಯಿಸಿದಳು. ಸಣ್ಣ ಪಾತ್ರೆ. ಒಂದು ಮೂಟೆಗೆ ಅರ್ಧ ದಿನ ಹಿಡಿಯುತ್ತಿತ್ತು. ಮಾಡಿದ ಕೆಲಸ ಕಮ್ಮಿ, ತಂದ ಅಕ್ಕಿಯೂ ಕಮ್ಮಿ. ಸೊಂಟ ಹಿಡಿದುಕೊಂಡಿತು. ನೀರು ಹೊಸಿಲು ದಾಟಿ ಒಳಗೆ ಬರತೊಡಗಿತು. ತೆಗೆದುಬಿಡೋಣವೇ ಎಂದು ಅವಳಿಗೂ ಅನ್ನಿಸಿತ್ತು. ಹಾಗನ್ನಿಸಿದಾಗಲೆಲ್ಲ ಆ ಮಲ್ಲಿಗೆ ಸೆಂಟು ನೆನಪಾಗಿ ಸೀನು ಬರುತ್ತಿತ್ತು.

ಒಂದು ಬೆಳಿಗ್ಗೆ ಮಣ್ಣಿನ ಲಾರಿ ಬಂತು.

ಸಾಲಿನವರು ಓಡಿಬಂದರು. ಕೆಂಪು ಮಣ್ಣು, ಕಲ್ಲಿಲ್ಲದ ಒಳ್ಳೆಯ ಮಣ್ಣು. ಲಾರಿಯ ಪಕ್ಕಕ್ಕೆ ಒಂದು ಬ್ಯಾನರ್ ಕಟ್ಟಿತ್ತು. ಬಡ ನೆರೆಯವರಿಗೆ ಕಾರ್ಖಾನೆಯ ಪ್ರೀತಿಯ ಕಾಣಿಕೆ ಎಂದು ಬರೆದು, ಪಕ್ಕದಲ್ಲಿ ದರ್ಮಂತೊ ಸಾಹೇಬರ ನಗುವ ಫೋಟೋ ಹಾಕಿದ್ದರು. ಸಾಹೇಬರು ಸ್ವತಃ ಇಳಿದರು. ಕ್ಯಾಮೆರಾದವನೂ ಇಳಿದ. ಸತ್ರಿಯೊ ಹಿಂದೆ ಮೋಟಾರುಬೈಕಿನಲ್ಲಿ ಬಂದ.

"ಬಾ ತಾಯಿ, ಇಲ್ಲಿ ನಿಂತ್ಕೋ," ಎಂದರು ದರ್ಮಂತೊ. "ಎರಡೂ ಕೈಯಲ್ಲಿ ಒಂದಿಷ್ಟು ಮಣ್ಣು ಹಿಡ್ಕೋ. ನಾನು ಕೊಡ್ತಿರೋ ಹಾಗೆ. ಸ್ವಲ್ಪ ನಗು."

"ಇದು ಯಾಕೆ ಸಾಹೇಬ್ರೇ?"

"ನಿಂಗೆ ಬೇಕಿತ್ತಲ್ಲ ಮಣ್ಣು. ಪ್ರೀತಿಯಿಂದ ಕೊಡ್ತಿದೀವಿ."

"ನೆಲ ಕುಸೀತಿದೆ ಅಂತಾನಾ?"

"ಅದೆಲ್ಲ ಈಗ್ಯಾಕೆ? ಇದು ದಾನ."

ವಸೀರಾ ಮಣ್ಣನ್ನು ನೋಡಿದಳು. ಅಷ್ಟು ಮಣ್ಣಿದ್ದರೆ ಹಾಸಿಗೆ ಒಣಗಿರುತ್ತದೆ. ಈ ವರ್ಷ ನಿದ್ದೆ ಬರುತ್ತದೆ. ಸುತ್ತ ನಿಂತವರೆಲ್ಲ ಅವಳು ಆಗ್ಲಿ ಎನ್ನುವುದನ್ನು ಕಾಯುತ್ತಿದ್ದರು.

"ಬೇಡ," ಎಂದಳು ವಸೀರಾ.

ಸಾಲಿನಲ್ಲಿ ಯಾರೂ ಈ ಮಾತನ್ನು ದೊಡ್ಡವರ ಮುಖಕ್ಕೆ ಹೇಳಿದ್ದು ಕೇಳಿರಲಿಲ್ಲ. ಮುದುಕನೊಬ್ಬ ಬೀಡಿ ಬಾಯಿಂದ ತೆಗೆದ. ರುಕಾನಾ ಅವಳ ತೋಳು ಚಿವುಟಿದಳು. "ಹುಚ್ಚೀ, ತಗೊಳ್ಳೇ! ನಾಳೆ ನೀರು ಮಂಚ ಹತ್ತುತ್ತೆ."

"ಹತ್ತಲಿ. ಇವತ್ತು ದಾನ ಅಂತ ತಗೊಂಡ್ರೆ, ಬರೋ ವರ್ಷ ಮನೆ ಮತ್ತೆ ಇಳಿದಾಗ ಏನಂತ ಕೇಳ್ಲಿ? ಅಮ್ಮಾ ತಾಯೀ ಅಂತಾನಾ?" ಸಾಹೇಬರ ಕಡೆ ತಿರುಗಿದಳು. "ನಾನು ಭಿಕ್ಷೆ ಕೇಳಿಲ್ಲ ಸಾಹೇಬ್ರೇ. ನನ್ನ ನೆಲ ಕೇಳಿದೀನಿ. ನೀವು ಕೆಳಗಿಂದ ತೆಗೆದ್ರಿ, ಮೇಲಿಂದ ಹಾಕಿ. ಅದಕ್ಕೆ ಫೋಟೋ ಯಾಕೆ? ಕುಸೀತಿದೆ ಅಂತ ಬಾಯಿಬಿಟ್ಟು ಹೇಳಿ, ಇಲ್ಲೇ ಸುರೀರಿ. ಹೇಳೋಕಾಗಲ್ಲ ಅಂದ್ರೆ ತಗೊಂಡ್ಹೋಗಿ."

ದರ್ಮಂತೊ ಸಾಹೇಬರ ಮುಖ ಕೆಂಪಾಯಿತು. "ತಗೊಂಡ್ಹೋಗೋ ಲಾರೀನ!" ಎಂದು ಡ್ರೈವರಿಗೆ ಕೂಗಿದರು.

ಡ್ರೈವರ್ ಗೇರು ಹಾಕಿದ. ಲಾರಿ ಗುರುಗುಟ್ಟಿತು. ಕದಲಲಿಲ್ಲ. ಈ ಮಾತುಕತೆಯೆಲ್ಲ ನಡೆಯುವಾಗ ಅದು ಸಾಲಿನ ದಾರಿಯ ಮೇಲೆ ನಿಂತೇ ಇತ್ತು. ಸಾಲಿನ ದಾರಿ ಎಂದರೆ ಕೆಸರಿನ ಮೇಲೆ ಹಾಸಿದ ಚಿಪ್ಪು ಮತ್ತು ಒಡೆದ ಹೆಂಚು. ಅದರ ಮೇಲೆ ತುಂಬಿದ ಲಾರಿ ನಿಲ್ಲಿಸುವ ತಪ್ಪನ್ನು ಸಾಲಿನವರಾರೂ ಮಾಡುವುದಿಲ್ಲ. ಹಿಂದಿನ ಚಕ್ರ ಅರ್ಧ ಒಳಗೆ ಹೋಗಿತ್ತು. ಡ್ರೈವರ್ ಇನ್ನೂ ಜೋರಾಗಿ ಒತ್ತಿದ. ಇನ್ನರ್ಧವೂ ಹೋಯಿತು. ಬ್ಯಾನರಿನ ಸಾಹೇಬರ ಗಲ್ಲ ನೀರಿಗೆ ತಾಗಿತು.

ಲಾರಿಯನ್ನು ಹಗುರ ಮಾಡದೆ ಮೇಲೆತ್ತುವಂತಿರಲಿಲ್ಲ. ಮಣ್ಣು ಇಳಿಸಲು ಡ್ರೈವರ್ ಒಬ್ಬನೇ ಇದ್ದ, ಒಂದೇ ಸಲಿಕೆ ಇತ್ತು. ಉಬ್ಬರದ ನೀರು ದಾರಿಗೆ ಬರುತ್ತಿತ್ತು. ದರ್ಮಂತೊ ಸುತ್ತ ನೋಡಿದರು. ವಸೀರಾಳೂ ಸಾಲಿನ ಹೆಂಗಸರೆಲ್ಲರೂ ಹೋಗಿ ತಮ್ಮ ತಮ್ಮ ಬಾಗಿಲಲ್ಲಿ ಕೂತಿದ್ದರು. ಯಾರೂ ಏಳಲಿಲ್ಲ. ಚಿಪ್ಪಿನ ಬುಟ್ಟಿಗಳು ಅವರ ಪಕ್ಕದಲ್ಲೇ ಇದ್ದವು.

"ಸ್ವಲ್ಪ ಕೈ ಹಾಕ್ರಮ್ಮಾ," ಎಂದರು ಸಾಹೇಬರು.

"ಆಗ್ಲಿ ಸಾಹೇಬ್ರೇ," ಎಂದರು ಎಲ್ಲರೂ. ಕೂತೇ ಇದ್ದರು.

ನೀರು ಸಾಹೇಬರ ಬೂಟಿನೊಳಗೆ ಇಳಿಯಿತು. ಅವರು ಕಾಲು ಎತ್ತಿದರು. ಬೂಟು ಬರಲಿಲ್ಲ. ಕಾಲು ಮಾತ್ರ ಬಂತು. ಒಂದು ಕಾಲಿನಲ್ಲಿ ಕಾಲುಚೀಲ, ಒಂದು ಕಾಲಿನಲ್ಲಿ ಬೂಟು. ಸತ್ರಿಯೊನ ಹೆಗಲು ಹಿಡಿದು ನಿಂತರು.

"ಹೇಳಿಬಿಡಿ ಸರ್," ಎಂದ ಸತ್ರಿಯೊ. "ಅಣಬೆಗೆ ಗೊತ್ತು, ನಂಗೆ ಗೊತ್ತು, ನಿಮ್ಮ ಗೋಡೆಗೂ ಗೊತ್ತು. ನೀವೊಬ್ರೇ ಬಾಕಿ."

ಸಾಹೇಬರು ವಸೀರಾಳ ಬಾಗಿಲ ತನಕ ನಡೆದರು. ಈ ಸಲ ಮೊದಲೇ ಬಗ್ಗಿದರು. "ಕುಸೀತಿದೆ ತಾಯಿ," ಎಂದರು ಮೆಲ್ಲಗೆ.

"ನಂಗೆ ಕೇಳ್ಸುತ್ತೆ. ಅವರಿಗೆ ಕೇಳ್ಸಬೇಕು."

ಅವರು ತಿರುಗಿದರು. "ನೆಲ ಕುಸೀತಿದೆ," ಎಂದರು ಗಟ್ಟಿಯಾಗಿ.

"ಯಾಕೆ?"

ದರ್ಮಂತೊ ಕಾರ್ಖಾನೆಯ ಕಡೆ ನೋಡಿದರು. ಅಲ್ಲಿ ನೀರೆತ್ತುವ ಯಂತ್ರ ಯಾವತ್ತಿನಂತೆ ಓಡುತ್ತಿತ್ತು. ಅದರ ಸದ್ದು ಸಾಲಿಗೆಲ್ಲ ಕೇಳುತ್ತಿತ್ತು.

"ನಾವು ನೀರು ತೆಗೀತೀವಲ್ಲ," ಎಂದರು. "ಅದಕ್ಕೆ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಇಷ್ಟು ವರ್ಷ ಗೊತ್ತಿದ್ದ ಮಾತು. ಆದರೂ ಅದನ್ನು ಆ ಬಾಯಿಂದ ಕೇಳಿದಾಗ ವಸೀರಾಳಿಗೆ ಅಳು ಬಂತು. ಮುಖ ಒರೆಸಿಕೊಂಡು ಎದ್ದಳು.

ಹೆಂಗಸರು ಬುಟ್ಟಿ ಹಿಡಿದು ಬಂದರು. ಮಧ್ಯಾಹ್ನದೊಳಗೆ ಲಾರಿ ಖಾಲಿಯಾಯಿತು. ಡ್ರೈವರೂ ಹೊತ್ತ. ಸತ್ರಿಯೊನೂ ಹೊತ್ತು, ಅಂಗೈಯಲ್ಲಿ ಬಂದ ಗುಳ್ಳೆಯನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡಿದ. ಗಾಳಿಗೆ ಮಣ್ಣು ಹಾರದಂತೆ ಬ್ಯಾನರನ್ನು ಬಿಚ್ಚಿ ರಾಶಿಯ ಮೇಲೆ ಹೊದಿಸಿದರು. ಸಾಹೇಬರ ನಗುಮುಖ ಮಣ್ಣಿನ ಕಡೆಗಿತ್ತು.

ಲಾರಿ ಮೇಲೆ ಬಂದ ಮೇಲೆ ದರ್ಮಂತೊ ಕೇಳಿದರು. "ಆಯ್ತಲ್ಲ ತಾಯಿ? ಈಗ ಬಾಣಲೆ ತೆಗಿ."

"ನನ್ನ ಮನೆ ಒಂದೇ ಕುಸೀತಿದೆಯಾ ಸಾಹೇಬ್ರೇ?" ಎಂದಳು ವಸೀರಾ. "ರುಕಾನಾ ಬಾಗಿಲು ನೋಡಿ. ಅದರಾಚೆ ಮನೆ ನೋಡಿ. ಎಲ್ಲರಿಗೂ ಮಣ್ಣು ಬರ್ಲಿ. ತೆಗೀತೀನಿ."

ಸಾಹೇಬರು ಕೆಸರಾದ ಕಾಲುಚೀಲವನ್ನು ನೋಡಿಕೊಂಡರು. ಎಲ್ಲರ ಮುಖ ನೋಡಿದರು.

"ಆಗ್ಲಿ ತಾಯಿ," ಎಂದರು.

ಸಾಲಿಗೆ ಸಾಲೇ ನಕ್ಕಿತು. ಮಣ್ಣಿನ ಬುಟ್ಟಿ ಕೆಳಗಿಟ್ಟು ನಕ್ಕರು. ರುಕಾನಾ ಹೊಟ್ಟೆ ಹಿಡಿದುಕೊಂಡು ಹೊಸಿಲ ಮೇಲೆ ಕೂತಳು. ದರ್ಮಂತೊಗೂ ಅರ್ಥವಾಯಿತು. ಅವರೂ ಇದೇ ತೀರದವರು.

"ಆ 'ಆಗ್ಲಿ' ನಮ್ಮದು ಸಾಹೇಬ್ರೇ," ಎಂದಳು ವಸೀರಾ. "ಅದನ್ನ ನಮ್ಗೇ ಮಾರ್ತೀರಾ? ಬಾಣಲೆ ಅಲ್ಲೇ ಇರುತ್ತೆ."

ಸಾಹೇಬರು ಒಂದೇ ಬೂಟಿನಲ್ಲಿ ಲಾರಿ ಹತ್ತಿದರು. ವಸೀರಾ ಕೈ ತೊಳೆದುಕೊಂಡಳು. ಮಧ್ಯಾಹ್ನದ ಮೂಟೆ ಹಾಗೇ ಬಿದ್ದಿತ್ತು. ರುಕಾನಾಳ ಅಂಗಡಿಗೆ ಹೋಗಿ ಪಾತ್ರೆ ಕೇಳಿದಳು.

"ಎಷ್ಟು ದಿನ ನನ್ನ ಪಾತ್ರೆ ಸುಡ್ತೀಯೇ?" ಎಂದಳು ರುಕಾನಾ.

"ಸಾಲಿನ ಕೊನೇ ಮನೆಗೆ ಮಣ್ಣು ಬರೋ ತನಕ."

ರುಕಾನಾ ಪಾತ್ರೆ ಕೊಟ್ಟಳು. ಆಮೇಲೆ ತನ್ನ ಅಂಗಡಿಯ ದೊಡ್ಡ ಕಾಫಿ ಹಂಡೆಯನ್ನೂ ಹೊರಗೆ ಎಳೆದು ತಂದಳು. "ಇದ್ರಲ್ಲೂ ಬೇಯಿಸ್ಕೋ," ಎಂದಳು. "ಬೇಗ ಮುಗಿಯುತ್ತೆ."